ದಾರಿ ಚೆಂದ, ಸಾಮಾನಿನ ಕಥೆ ಬೇರೆ
ನಿಮ್ಮ ಲೇಖನದಲ್ಲಿ ಸ್ಕೀ ಪಟು ಸ್ವಿಟ್ಜರ್ಲೆಂಡಿನ ವೆಂಗನ್‌ನಲ್ಲಿ ರೇಸ್ ಮುಗಿಸಿ ಮುಂದಿನ ರೇಸಿಗೆ ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್‌ಗೆ ಕಾರಲ್ಲಿ ಹೊರಟ ಕಥೆ ಚೆನ್ನಾಗಿದೆ. ಆದ್ರೆ ವೆಂಗನ್‌ಗೆ ಕಾರೇ ಹೋಗಲ್ಲ ಅನ್ನೋದನ್ನ ಬರೀಬೇಕಿತ್ತು ಸರ್. ಕಾರನ್ನ ಕೆಳಗೆ ಲಾಟರ್‌ಬ್ರುನೆನ್‌ನಲ್ಲಿ ಬಿಟ್ಟು ಬೆಟ್ಟದ ರೈಲು ಹತ್ತಬೇಕು. ಗಂಡಸರ ಡೌನ್‌ಹಿಲ್ (ಬೆಟ್ಟದಿಂದ ವೇಗವಾಗಿ ಇಳಿಯೋ ರೇಸ್) ಸ್ಕೀ ಕನಿಷ್ಠ 218 ಸೆಂಟಿಮೀಟರ್ ಉದ್ದ; ಅಂಥವು ಜೋಡಿಗಟ್ಟಲೆ, ಜೊತೆಗೆ ಸ್ಕೀ ತಳಕ್ಕೆ ಮೇಣ, ಅದನ್ನ ಕರಗಿಸಿ ಹಚ್ಚೋ ಇಸ್ತ್ರಿಪೆಟ್ಟಿಗೆ, ಎಲ್ಲಾ ಸಾಗಿಸಬೇಕು. ಆಮೇಲೆ ದಾರೀಲಿ ಲುಸೆರ್ನ್ ಸರೋವರ, ಆಸ್ಟ್ರಿಯಾದಲ್ಲಿ ಸುಮಾರು 14 ಕಿಲೋಮೀಟರಿನ ಆರ್ಲ್‌ಬರ್ಗ್ ಸುರಂಗ (ಹೆದ್ದಾರಿ ಟೋಲ್ ಸ್ಟಿಕರ್ ಅಂಟಿಸಿದ್ರೂ ಇದಕ್ಕೆ ಬೇರೆ ಟೋಲ್ ಕಟ್ಟಬೇಕು!). ವೆಂಗನ್‌ನ ಲೌಬರ್‌ಹಾರ್ನ್ ರೇಸಿನಲ್ಲಿ ಸುಮಾರು 4.5 ಕಿಲೋಮೀಟರ್ ಇಳಿದ ಕಾಲನ್ನ ಸೀಟಲ್ಲಿ ಮಡಚಿ ಕೂರೋದು, ಮುಂದೆ ಕಿಟ್ಸ್‌ಬ್ಯೂಲ್‌ನಲ್ಲಿ ಗರಿಷ್ಠ 85 ಪರ್ಸೆಂಟ್ ಇಳಿಜಾರಿನ ಸ್ಟ್ರೈಫ್ ರೇಸ್ ಹಾದಿ ಕಾಯ್ತಿರೋದು, ಇದರ ಬಗ್ಗೆ ಒಂದು ಸಾಲೂ ಇಲ್ಲ. ಕೆಫೆ ಫೋಟೋ ಕಡಿಮೆ ಮಾಡಿ ಸ್ಕೀಗೆ ಮೇಣ ಹಚ್ಚೋರನ್ನೂ ತೋರಿಸಬಹುದಿತ್ತು.