ಎರಡು ನೋಟ್‌ಬುಕ್ಕುಗಳಲ್ಲಿ ಓದಿದ ಒಂದೇ ದೇಹ

ಆನರ್ಸ್ ಪದವಿಯ ಮೊದಲ ವರ್ಷದಲ್ಲಿ ನಾನು ಅಂಗರಚನಾಶಾಸ್ತ್ರಕ್ಕೆ ಒಂದು, ಶರೀರಕ್ರಿಯಾಶಾಸ್ತ್ರಕ್ಕೆ ಒಂದು ಎಂದು ಎರಡು ನೋಟ್‌ಬುಕ್ ಇಟ್ಟುಕೊಂಡು, ಇವೆರಡಕ್ಕೂ ಸಂಬಂಧವೇ ಇಲ್ಲವೆಂಬಂತೆ ಓದಿದೆ. 206 ಮೂಳೆಗಳು, 12 ಜೊತೆ ಕಪಾಲ ನರಗಳು, ಮಣಿಕಟ್ಟಿನ 8 ಕಿರುಮೂಳೆಗಳು ಎಲ್ಲವೂ ಬಾಯಿಪಾಠವಾಗಿದ್ದವು. ಒಂದೊಂದು ಅಂಕಕ್ಕೂ ರ‍್ಯಾಂಕ್ ಪಟ್ಟಿ ಏರುಪೇರಾಗುವ ಕಡೆ ಬೇಗ ಅಂಕ ತರುವ ಓದನ್ನೇ ಎಲ್ಲರೂ ಆರಿಸಿಕೊಳ್ಳುತ್ತಾರೆ. ಅದಕ್ಕಾಗಿ ನನ್ನ ಸಹಪಾಠಿಗಳನ್ನು ನಾನು ದೂರುವುದಿಲ್ಲ.

ಒಂದು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಧ್ವನಿಪೆಟ್ಟಿಗೆಯ ಸ್ನಾಯುಗಳನ್ನು ಆಡಿಸುವ ರಿಕರೆಂಟ್ ಲ್ಯಾರಿಂಜಿಯಲ್ ನರದ ದಾರಿಯನ್ನು ತಪ್ಪಿಲ್ಲದೆ ಒಪ್ಪಿಸಿದೆ: ಎಡಬದಿಯಲ್ಲಿ ಅದು ಎದೆಯೊಳಗೆ, ಮಿದುಳಿನಿಂದ ಇಳಿದು ಬರುವ ವೇಗಸ್ ನರದಿಂದ ಕವಲೊಡೆದು, ಮಹಾಪಧಮನಿಯ ಕಮಾನಿನಡಿ ಸುತ್ತಿ, ಶ್ವಾಸನಾಳದ ಪಕ್ಕದಲ್ಲಿ ಧ್ವನಿಪೆಟ್ಟಿಗೆಗೆ ಏರುತ್ತದೆ. “ಹಾಗಾದರೆ ಎದೆಯೊಳಗೆ ಗಡ್ಡೆ ಬೆಳೆದವರಿಗೆ ಕೆಲವೊಮ್ಮೆ ದನಿ ಏಕೆ ಒಡೆಯುತ್ತದೆ, ಹೇಳಮ್ಮಾ” ಎಂದು ಮೇಡಂ ಕೇಳಿದರು. ಎದೆಯ ಮೂಲಕ ಹಾದುಹೋಗುವ ಆ ನರವನ್ನು ಗಡ್ಡೆ ಒತ್ತಬಹುದು ಎಂಬ ಉತ್ತರ ನಾನು ಆಗಷ್ಟೇ ಹೇಳಿದ ವಾಕ್ಯದಲ್ಲೇ ಇತ್ತು, ನನಗೆ ಕಾಣಲಿಲ್ಲ. ಆ ನರ ಅಷ್ಟು ದೂರ ಇಳಿದು ಮರಳುವುದೇಕೆ ಎಂಬುದನ್ನೂ ನಾನು ಯೋಚಿಸಿರಲಿಲ್ಲ. ಭ್ರೂಣದಲ್ಲಿ ಕತ್ತಿನ ಬಳಿ ಇರುವ ಹೃದಯ ಎದೆಗೆ ಇಳಿಯುವಾಗ, ರಕ್ತನಾಳದ ಕೆಳಗೆ ಸಿಕ್ಕಿಕೊಂಡ ನರವನ್ನೂ ತನ್ನೊಂದಿಗೆ ಕೆಳಗೆ ಎಳೆದೊಯ್ಯುತ್ತದೆ. ಇದನ್ನು ತಿಳಿದ ಮೇಲೆ ಆ ದಾರಿಯನ್ನು ಮರೆಯಲು ಸಾಧ್ಯವೇ ಆಗಿಲ್ಲ.

ಮೂತ್ರಪಿಂಡದ ವಿಷಯದಲ್ಲೂ ಹೀಗೆಯೇ ಆಯಿತು. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿಹೋಗುತ್ತದೆ, ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗುತ್ತದೆ ಎಂಬ ಅಂಕಿಗಳನ್ನು ಎಷ್ಟೋ ಸಲ ಉರುಹೊಡೆದಿದ್ದೆ. ಸೋಸುವ ಲೋಮನಾಳಗಳ (ಅತಿ ಸಣ್ಣ ರಕ್ತನಾಳಗಳ) ಗೊಂಚಲು ಬೇರೆಡೆಯಂತೆ ಧಮನಿಗೂ ಸಿರೆಗೂ ನಡುವೆ ಇರದೆ ಎರಡು ಕಿರುಧಮನಿಗಳ ನಡುವೆ ಇರುವುದರಿಂದಲೇ ಅಷ್ಟೆಲ್ಲ ಸೋಸಲು ಬೇಕಾದ ಒತ್ತಡ ಅಲ್ಲಿ ಉಳಿಯುತ್ತದೆ ಎಂಬುದು ಹೊಳೆದದ್ದು ಎರಡು ನೋಟ್‌ಬುಕ್ಕುಗಳನ್ನು ಪಕ್ಕಪಕ್ಕ ತೆರೆದಿಟ್ಟ ದಿನ. ಇಂಗ್ಲಿಷ್ ವೈದ್ಯ ವಿಲಿಯಂ ಹಾರ್ವೆ 1628ರ ತನ್ನ ಗ್ರಂಥದಲ್ಲಿ ರಕ್ತ ಸುತ್ತುತ್ತದೆಂದು ತೋರಿಸಿದ್ದೂ ಸಿರೆಗಳ ಕವಾಟಗಳ ರಚನೆಯನ್ನು, ಹೃದಯ ಹೊರದೂಡುವ ರಕ್ತದ ಲೆಕ್ಕವನ್ನು ಒಟ್ಟಿಗೆ ನೋಡಿಯೇ.

ಸ್ಪರ್ಧೆ ಇರಬಾರದೆಂದು ನಾನು ಹೇಳುತ್ತಿಲ್ಲ. ಅದು ನನ್ನನ್ನು ಬೆಳಗಿನ ಜಾವಕ್ಕೆ ಎಬ್ಬಿಸಿ ಓದಿಸಿದೆ. ಆದರೆ ಹೆಸರುಗಳನ್ನಷ್ಟೇ ಕೇಳುವ ಪ್ರಶ್ನೆಪತ್ರಿಕೆ ಹೆಸರುಗಳನ್ನಷ್ಟೇ ಓದಿಸುತ್ತದೆ. ಯಾರೋ ತಮ್ಮ ದೇಹವನ್ನೇ ದಾನವಾಗಿ ಕೊಟ್ಟು ಹೋಗಿರುವ ಆ ಶವಚ್ಛೇದನದ ಮೇಜಿನ ಮುಂದೆ ನಿಂತು ನಾವು ಕಲಿಯಬೇಕಾದದ್ದು ಅಷ್ಟೇ ಅಲ್ಲ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ: “ಈ ನರದ ಹೆಸರೇನು” ಎಂಬ ಪ್ರಶ್ನೆಯ ಕೆಳಗೆ, “ಇದು ಇಲ್ಲಿ ತುಂಡಾದರೆ ಏನಾಗುತ್ತದೆ, ಏಕೆ” ಎಂದೂ ಕೇಳಿ.