ರೆಗ್ಯುಲೇಟರ್ ಕೊಳ್ಳುವ ಮೊದಲು ಅದರ ಅರ್ತಿಂಗ್ ನೋಡಿ

ಕಿಟ್ ತರಿಸಿಕೊಂಡು ತಾವೇ ಲಘು ವಿಮಾನ ಜೋಡಿಸುವವರು ನಮ್ಮ ತುಮಕೂರು ಸೀಮೆಯಲ್ಲಿ ಬಹಳ ಮಂದಿ ಇರಲಿಕ್ಕಿಲ್ಲ. ಅಂಥ ಪರಿಚಿತರೊಬ್ಬರು, ಎಂಜಿನ್ ಓಡಿಸಿದರೂ ಬ್ಯಾಟರಿ ತುಂಬುತ್ತಿಲ್ಲವೆಂದು ಒಂದು ರೆಗ್ಯುಲೇಟರ್ (ಜನರೇಟರಿನ ವಿದ್ಯುತ್ತನ್ನು ಬ್ಯಾಟರಿಗೆ ಹೊಂದುವಂತೆ ಮಾಡುವ ಭಾಗ) ಬದಲಿಸಿ, ಫಲ ಕಾಣದೆ ಇನ್ನೊಂದನ್ನು ತರಿಸಲು ಹೊರಟಿದ್ದರು. ಮೀಟರ್ ಹಿಡಿದು ಅಳೆಯದೆ ಬಿಡಿಭಾಗ ಬದಲಿಸುತ್ತ ಹೋಗುವ ಈ ಚಾಳಿಗೆ ನನ್ನ ಸ್ಪಷ್ಟ ವಿರೋಧವಿದೆ.

ಅವರ ವಿಮಾನದಲ್ಲಿರುವುದು ಕಾರ್ಬ್ಯುರೇಟರ್ ಇರುವ ರೋಟಾಕ್ಸ್ 912 ಎಂಬ ಎಂಜಿನ್. ಇದರ ಜನರೇಟರ್‌ನಲ್ಲಿ ತಿರುಗುವುದು ಬೈಕಿನಲ್ಲಿರುವಂತೆ ಶಾಶ್ವತ ಅಯಸ್ಕಾಂತವೇ ಹೊರತು ಕಾರಿನ ಆಲ್ಟರ್ನೇಟರಿನಂತೆ ಫೀಲ್ಡ್ ಕಾಯಿಲ್ (ವಿದ್ಯುತ್ ಹರಿದಾಗ ಅಯಸ್ಕಾಂತವಾಗುವ ತಂತಿಯ ಸುರುಳಿ) ಅಲ್ಲ. ಆದ್ದರಿಂದ ಬಿ.ಎಚ್. ರಸ್ತೆಯಲ್ಲಿ ಕಾರಿನ ಆಲ್ಟರ್ನೇಟರ್ ಬಿಚ್ಚುವವರಿಗಿಂತ ಬೈಕಿನ ವೈರಿಂಗ್ ಮಾಡುವವರ ಸಲಹೆಯೇ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆಂಬುದು ನನ್ನ ಅಭಿಪ್ರಾಯ (ಇದನ್ನು ಕೇಳಿ ಕಾರಿನವರು ಮುನಿಸಿಕೊಳ್ಳಬಾರದು). ಪೂರ್ಣ ವೇಗದಲ್ಲಿ ಈ ಜನರೇಟರ್ ಕೊಡುವುದು ಸುಮಾರು 250 ವ್ಯಾಟ್, ಅಂದರೆ ಹೆಚ್ಚೆಂದರೆ 18 ಆಂಪಿಯರ್.

ಅದರ ಎರಡು ಹಳದಿ ವೈರುಗಳಲ್ಲಿ ಬರುವ ಎ.ಸಿ.ಯನ್ನು ರೆಗ್ಯುಲೇಟರ್ ಡಿ.ಸಿ.ಯಾಗಿಸಿ, ವೋಲ್ಟೇಜನ್ನು 14ರ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಜನ ಎಡವುವುದು ಇಲ್ಲಿಯೇ. ರೆಗ್ಯುಲೇಟರಿನ ಅಲ್ಯೂಮಿನಿಯಂ ಮೈಯೇ ಅದರ ನೆಗೆಟಿವ್. ವೋಲ್ಟೇಜ್ ಎಷ್ಟಿದೆಯೆಂದು ಅದು ತಿಳಿಯುವುದು ಬ್ಯಾಟರಿಯ ಪಾಸಿಟಿವ್ ಕಡೆಯಿಂದ ವೈರು ಬರುವ 'ಸಿ' ಟರ್ಮಿನಲ್ಲಿಗೂ ತನ್ನ ಮೈಗೂ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ. ಬಣ್ಣ ಬಳಿದ ತಗಡಿನ ಮೇಲೆ ಅದನ್ನು ಕೂರಿಸಿದ್ದರಿಂದ ಅರ್ತಿಂಗ್ ದಾರಿಯಲ್ಲಿ, ಅಂದರೆ ಅದರ ಮೈಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ, 0.9 ವೋಲ್ಟ್ ನಷ್ಟವಾಗುತ್ತಿದ್ದರೆ, ರೆಗ್ಯುಲೇಟರ್ ತನ್ನ ಮಟ್ಟಿಗೆ 14 ಬಂತೆಂದು ಸುಮ್ಮನಾಗುತ್ತದೆ, ಬ್ಯಾಟರಿಗೆ ಮುಟ್ಟುವುದು ಮಾತ್ರ 13.1. 'ಸಿ' ವೈರಿನಲ್ಲಿ ಸ್ವಿಚ್ಚೋ ಫ್ಯೂಸೋ ಸಡಿಲವಾಗಿದ್ದರೆ ಇದರ ತದ್ವಿರುದ್ಧ: ಕಡಿಮೆಯಿದೆಯೆಂದು ಭಾವಿಸಿ ಅದು ಬ್ಯಾಟರಿಯನ್ನು ಅತಿಯಾಗಿ ಚಾರ್ಜ್ ಮಾಡುತ್ತದೆ. 'ಸಿ'ಗೆ ವೋಲ್ಟೇಜೇ ತಲುಪದಿದ್ದರೆ ಚಾರ್ಜಿಂಗ್ ಆರಂಭವೇ ಆಗದು. ಈ ಮೂರರಲ್ಲಿ ಯಾವುದಕ್ಕೂ ಹೊಸ ರೆಗ್ಯುಲೇಟರ್ ಪರಿಹಾರವಲ್ಲ.

ಹಾಗಾಗಿ ಎಂಜಿನ್ ನಿಂತಿರುವಾಗ ಬ್ಯಾಟರಿಯಲ್ಲಿ 12.6 ಇದೆಯೇ ಎಂದು ನೋಡಿಕೊಂಡು, ವಿಮಾನವನ್ನು ಭದ್ರವಾಗಿ ಕಟ್ಟಿ, ಪ್ರೊಪೆಲ್ಲರಿನಿಂದ ದೂರಕ್ಕೆ ಮೀಟರಿನ ವೈರುಗಳನ್ನು ಎಳೆದುಕೊಂಡು, ಎಂಜಿನ್ ಓಡುತ್ತಿರುವಾಗ ರೆಗ್ಯುಲೇಟರಿನ ಮೈಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವಿನ ವೋಲ್ಟೇಜನ್ನು ಮೊದಲು ಅಳೆಯಬೇಕು. ಅನಂತರ ಹಳದಿ ವೈರುಗಳ ಸರದಿ: ಅವುಗಳ ನಡುವೆ ಎ.ಸಿ. ಬರುತ್ತಿರಬೇಕು, ಎರಡರಲ್ಲಿ ಯಾವುದೂ ಎಂಜಿನ್ನಿನ ಮೈಗೆ ಶಾರ್ಟ್ ಆಗಿರಬಾರದು.

ಚಾರ್ಜಿಂಗ್ ಪರೀಕ್ಷಿಸಲು ಓಡುತ್ತಿರುವ ಎಂಜಿನ್ನಿನಲ್ಲಿ ಬ್ಯಾಟರಿಯ ಟರ್ಮಿನಲ್ ಕಳಚುವ ಹಳೆಯ ಗ್ಯಾರೇಜ್ ಪದ್ಧತಿಯನ್ನು ಇಲ್ಲಿ ಖಂಡಿತ ಅನುಸರಿಸಬೇಡಿ. ಆ ಕ್ಷಣದಲ್ಲಿ ಏರುವ ವೋಲ್ಟೇಜ್ ರೇಡಿಯೊವನ್ನೇ ಸುಟ್ಟುಬಿಡಬಹುದು.

ಪರಿಚಿತರ ವಿಮಾನದಲ್ಲಿ ಬೋಲ್ಟಿನ ಸುತ್ತಲಿನ ಬಣ್ಣ ಕೆರೆದು, ರೆಗ್ಯುಲೇಟರಿನ ಮೈಯಿಂದ ಬ್ಯಾಟರಿಗೆ ನೇರವಾಗಿ ದಪ್ಪ ವೈರು ಎಳೆದ ಮೇಲೆ ಚಾರ್ಜಿಂಗ್ ಸರಿಹೋಯಿತು. ಐಡಲಿನಲ್ಲಿ ಲ್ಯಾಂಡಿಂಗ್ ಲೈಟ್ ಹಾಕಿದರೆ ವೋಲ್ಟೇಜ್ ಈಗಲೂ ಕುಸಿಯುತ್ತದೆ. ಅದು ದೋಷವಲ್ಲ, ಆ ವೇಗದಲ್ಲಿ ಜನರೇಟರ್ ಕೊಡುವುದೇ ಅಷ್ಟು. ಅಲ್ಲಿ ಹ್ಯಾಲೊಜೆನ್ ತೆಗೆದು ಎಲ್‌ಇಡಿ ಹಾಕಿಸಿಕೊಂಡರೆ ಸಾಕೆಂದು ಅವರಿಗೆ ಹೇಳಿದ್ದೇನೆ.