ನಿಮ್ಮ ಅಭಿಪ್ರಾಯ ಅಮೂಲ್ಯ, ಹಾಗಾಗಿ ಬೀಗ ಹಾಕಿ ಇಟ್ಟಿದ್ದೇವೆ

ಗ್ರಂಥಾಲಯಗಳು ಜನರನ್ನು ಒಳಗೊಳ್ಳಬೇಕು ಎಂದು ಮೇಲಿನವರಿಗೆ ಅನ್ನಿಸಿದಾಗಿನಿಂದ ನಮ್ಮ ನಗರ ಗ್ರಂಥಾಲಯಗಳು ಸಹಭಾಗಿತ್ವಮಯವಾಗಿವೆ. ಬಾಗಿಲಿಗೊಂದು ಕ್ಯೂಆರ್ ಕೋಡ್, ಫೇಸ್‌ಬುಕ್ಕಿನಲ್ಲೊಂದು ಪುಟ, ವಾಟ್ಸಾಪಿನಲ್ಲೊಂದು ಗುಂಪು, ಗೋಡೆಯ ಮೇಲೆ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಫ್ಲೆಕ್ಸ್. ಅಮೂಲ್ಯವಾದದ್ದನ್ನು ಕಂಡಕಂಡಲ್ಲಿ ಬಿಸಾಡಬಾರದು ಎಂಬ ವಿವೇಕ ನಮ್ಮ ಆಡಳಿತಕ್ಕೆ ಮೊದಲಿನಿಂದಲೂ ಇದೆ.

ಕ್ಯೂಆರ್ ಕೋಡನ್ನೇ ನೋಡಿ. ಎಷ್ಟು ದೂರದಿಂದ ಓದಬೇಕೋ ಅದರ ಹತ್ತನೇ ಒಂದು ಭಾಗದಷ್ಟಾದರೂ ಅದರ ಅಗಲ ಇರಬೇಕು ಎಂಬುದು ಲೆಕ್ಕ. ಒಂದು ಮೀಟರ್ ದೂರಕ್ಕೆ 10 ಸೆಂಟಿಮೀಟರ್. ನಮ್ಮಲ್ಲಿ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾಗಿ ಅಚ್ಚು ಹಾಕಿಸಿ, ಹೊಳೆಯುವ ಲ್ಯಾಮಿನೇಷನ್ ಮಾಡಿಸಿ, ಬಿಸಿಲು ಬೀಳುವ ಗಾಜಿನ ಬಾಗಿಲಿಗೆ ಅಂಟಿಸುತ್ತಾರೆ. ಪಕ್ಕದಲ್ಲಿ ಸಚಿವರ ಭಾವಚಿತ್ರ ಮಾತ್ರ ಆರಡಿ. ಅದನ್ನು ಸ್ಕ್ಯಾನ್ ಮಾಡಿದರೆ ಏನೂ ತೆರೆಯುವುದಿಲ್ಲ, ಅಷ್ಟೇ ಕೊರತೆ. ಇನ್ನು ಕೋಡನ್ನು ತಯಾರಿಸಿದ್ದು ಯಾವುದೋ ಉಚಿತ ಜಾಲತಾಣದಲ್ಲಿ. ಅಂಥ ಕಡೆ ಸಿಗುವ ‘ಡೈನಾಮಿಕ್’ ಕೋಡ್ ಮೊದಲು ಆ ಕಂಪನಿಯ ಬಾಗಿಲಿಗೆ ಹೋಗಿ, ಅಲ್ಲಿಂದ ನಿಮ್ಮ ವಿಳಾಸಕ್ಕೆ ತಿರುಗುತ್ತದೆ. ಉಚಿತ ಅವಧಿ ಮುಗಿದ ಮರುದಿನ ಓದುಗನಿಗೆ ಕಾಣುವುದು ಚಂದಾ ಕಟ್ಟಿ ಎಂಬ ಇಂಗ್ಲಿಷ್ ಜಾಹೀರಾತು. ವಿಳಾಸವನ್ನು ಕೋಡಿನೊಳಗೇ ಬರೆದಿಡುವ ‘ಸ್ಟ್ಯಾಟಿಕ್’ ಕೋಡ್‌ಗೆ ಕಾಸೂ ಬೇಡ, ಅವಧಿಯೂ ಇಲ್ಲ.

ಇಷ್ಟೆಲ್ಲ ದಾಟಿ ಒಳಗೆ ಹೋದರೆ ಗೂಗಲ್ ಫಾರ್ಮ್. ಇಲಾಖೆಯ ಖಾತೆಯಿಂದ ತಯಾರಿಸುವಾಗ ‘ಸಂಸ್ಥೆಯೊಳಗಿನವರಿಗೆ ಮಾತ್ರ’ ಎಂಬ ಗುರುತನ್ನು ತೆಗೆಯಲು ಮರೆತಿರುತ್ತಾರೆ. ಹೀಗಾಗಿ ಸಾರ್ವಜನಿಕರ ಅಭಿಪ್ರಾಯ ಕೊಡುವ ಅವಕಾಶ ಇಲಾಖೆಯ ನೌಕರರಿಗೆ ಮಾತ್ರ. ಆ ಗುರುತು ತೆಗೆದಿದ್ದರೂ ‘ಒಬ್ಬರಿಗೆ ಒಂದೇ ಉತ್ತರ’ ಎಂಬುದನ್ನು ಹಾಕಿದ್ದರೆ ಲಾಗಿನ್ ಕೇಳುತ್ತದೆ. ಕಡತ ಸೇರಿಸುವ ಪ್ರಶ್ನೆ ಇದ್ದರೂ ಕೇಳುತ್ತದೆ. ಅದನ್ನೂ ಗೆದ್ದವರು ಹೆಸರು, ತಂದೆಯ ಹೆಸರು, ವಯಸ್ಸು, ವಿದ್ಯಾರ್ಹತೆ, ಸದಸ್ಯತ್ವ ಸಂಖ್ಯೆ ಎಲ್ಲ ತುಂಬಿ, ಕೆಂಪು ಚುಕ್ಕಿಗಳ ಕಾಡು ದಾಟಿ, ಕೊನೆಗೆ ಬರೆಯುವುದು: ‘ಫ್ಯಾನ್ ತಿರುಗುತ್ತಿಲ್ಲ’.

ವಾಟ್ಸಾಪ್ ಗುಂಪಿಗೆ ದೀಪ ಬೆಳಗಿಸಿಯೇ ಉದ್ಘಾಟನೆ ಮಾಡುತ್ತಾರೆ. ಒಂದು ಗುಂಪಿನಲ್ಲಿ 1,024 ಜನ ಹಿಡಿಯುತ್ತಾರೆ. ‘ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು’ ಎಂದು ಮೊದಲ ದಿನವೇ ಒತ್ತಿದ ಮೇಲೆ 1,023 ಶ್ರೋತೃಗಳು, ಒಬ್ಬರು ಭಾಷಣಕಾರರು. ವೇದಿಕೆ ಕಾರ್ಯಕ್ರಮಕ್ಕೂ ಇದಕ್ಕೂ ವ್ಯತ್ಯಾಸವೆಂದರೆ ಇಲ್ಲಿ ಉಪ್ಪಿಟ್ಟು ಇಲ್ಲ. ಬೆಳಿಗ್ಗೆ ಸುಭಾಷಿತ, ಮಧ್ಯಾಹ್ನ ಗಣ್ಯರು ಶಾಲು ಹೊದೆದ ಚಿತ್ರ, ಸಂಜೆ ಹಿಂದಿನ ಚಿತ್ರವೇ ಬೇರೆ ಕೋನದಿಂದ. ನಾಳೆ ಗ್ರಂಥಾಲಯ ತೆರೆದಿರುತ್ತದೆಯೇ ಎಂಬ ಒಂದು ಮಾಹಿತಿಗೆ ಮಾತ್ರ ಅಲ್ಲಿ ಪ್ರವೇಶವಿಲ್ಲ. ಎಲ್ಲರಿಗೂ ಮಾತಾಡಲು ಬಿಟ್ಟರೆ ಗುಡ್ ಮಾರ್ನಿಂಗ್ ಹೂವು, ಸೈಟು ಮಾರಾಟ, ರಾಜಕೀಯ ಎಲ್ಲವೂ ನುಗ್ಗುತ್ತವೆ ಎಂಬ ಅಳಲು ಸುಳ್ಳಲ್ಲ. ಅದಕ್ಕೆ ಪರಿಹಾರವಿದೆ: ಪ್ರಕಟಣೆಗೆ ಒಂದು ಚಾನೆಲ್, ಮಾತಿಗೆ ಬೇರೆ ಚಿಕ್ಕ ಗುಂಪು. ಚಾನೆಲ್ಲಿನಲ್ಲಿ ಒಬ್ಬರ ಫೋನ್ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ, ಸಾವಿರ ಅಪರಿಚಿತರಿಗೆ ನಂಬರು ಬಿಟ್ಟುಕೊಡಲು ಹೆಣ್ಣುಮಕ್ಕಳು ಯಾಕೆ ಹಿಂಜರಿಯುತ್ತಾರೆ ಎಂದು ಆಮೇಲೆ ಸಮೀಕ್ಷೆ ಮಾಡುವ ಖರ್ಚೂ ಉಳಿಯುತ್ತದೆ.

ಫೇಸ್‌ಬುಕ್ ಪುಟಗಳ ಕಥೆ ಚಿಕ್ಕದು. ಉತ್ಸಾಹಿ ಗ್ರಂಥಪಾಲಕರೊಬ್ಬರು ಸ್ವಂತ ಫೋನಿನಿಂದ, ಸ್ವಂತ ಖಾತೆಯಿಂದ ತೆರೆಯುತ್ತಾರೆ. ಒಂದು ವರ್ಷ ಚೆನ್ನಾಗಿ ನಡೆಯುತ್ತದೆ. ವರ್ಗಾವಣೆ ಆಗುತ್ತದೆ. ಕುರ್ಚಿ, ಬೀರು, ಗಡಿಯಾರ, ಕಸಬರಿಕೆಗಳನ್ನೆಲ್ಲ ಪಟ್ಟಿ ಮಾಡಿ ಸಹಿ ಹಾಕಿಸಿಕೊಂಡು ಚಾರ್ಜ್ ಕೊಡುತ್ತಾರೆ. ಪಾಸ್‌ವರ್ಡಿಗೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ. ಬಂದವರು ಹೊಸ ಪುಟ ತೆರೆಯುತ್ತಾರೆ. ಹೀಗೆ ಒಂದೇ ಗ್ರಂಥಾಲಯಕ್ಕೆ ನಾಲ್ಕು ಪುಟ, ನಾಲ್ಕರಲ್ಲಿ ಮೂರು ಅನಾಥ. ಕಚೇರಿಯ ಇಮೇಲ್, ಕಚೇರಿಯ ಸಿಮ್, ಪೂರ್ಣ ನಿಯಂತ್ರಣವಿರುವ ಇಬ್ಬರು, ಚಾರ್ಜ್ ಪಟ್ಟಿಯಲ್ಲಿ ಒಂದು ಸಾಲು: ಇಷ್ಟಕ್ಕೆ ಯಾವ ಅನುದಾನವೂ ಬೇಕಿಲ್ಲ. ಅನುದಾನ ಬೇಡದ ಕೆಲಸವೆಂದರೆ ಯಾರಿಗೂ ನಂಬಿಕೆ ಹುಟ್ಟುವುದಿಲ್ಲ, ಅದೇ ತೊಡಕು.

ಈಗ ಕ್ಯಾಟಲಾಗಿಗೆ ಬರೋಣ, ಇಲ್ಲಿ ನಿಜಕ್ಕೂ ಓದುಗರ ಸಹಾಯ ಬೇಕು. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಕಾದಂಬರಿಗೆ 894.8143. ಅಂದರೆ ಪತ್ತೇದಾರಿ, ಪೌರಾಣಿಕ, ಸಾಮಾಜಿಕ, ಮಲೆನಾಡು, ಬಯಲುಸೀಮೆ ಎಲ್ಲಕ್ಕೂ ಸಂಖ್ಯೆ ಒಂದೇ. ಕಪಾಟಿನ ಮುಂದೆ ನಿಂತವನಿಗೆ ಲೇಖಕರ ಹೆಸರು ಗೊತ್ತಿಲ್ಲದಿದ್ದರೆ ದೇವರೇ ಗತಿ. ಓದಿದವರು ತಾವೇ ‘ಮಲೆನಾಡು’, ‘ಹೈಸ್ಕೂಲ್ ಮಕ್ಕಳಿಗೆ’ ಎಂದು ಟ್ಯಾಗ್ ಹಾಕಿದರೆ ವರ್ಗೀಕರಣ ಸಂಖ್ಯೆಗೆ ಆಗದ ಕೆಲಸ ಆಗುತ್ತದೆ. ನ್ಯೂಜಿಲೆಂಡಿನ ಒಂದು ಪುಟ್ಟ ಗ್ರಂಥಾಲಯ ವ್ಯವಸ್ಥೆಗಾಗಿ ಹುಟ್ಟಿ, 2000ರಲ್ಲಿ ಕೆಲಸ ಶುರುಮಾಡಿದ ‘ಕೋಹಾ’ ತಂತ್ರಾಂಶದಲ್ಲಿ ಈ ಸೌಲಭ್ಯ ಉಚಿತವಾಗಿ ಇದೆ. ಓದುಗರ ಟ್ಯಾಗ್, ಓದುಗರ ವಿಮರ್ಶೆ, ಪುಸ್ತಕ ತರಿಸಿ ಎಂಬ ಕೋರಿಕೆ, ಎಲ್ಲವೂ ಒಂದೊಂದು ಗುಂಡಿ ಒತ್ತಿದರೆ ಚಾಲೂ. ಒತ್ತುತ್ತಾರೆ ಕೂಡ. ಒತ್ತಿದ ಮೇಲೆ ಬಂದ ವಿಮರ್ಶೆಗಳು ಸಿಬ್ಬಂದಿ ಒಪ್ಪುವ ತನಕ ಒಳಗೇ ಕಾಯುತ್ತವೆ ಎಂಬುದನ್ನು ಸಿಬ್ಬಂದಿಗೆ ಯಾರೂ ಹೇಳಿರುವುದಿಲ್ಲ. ಓದುಗ ಬರೆದ, ಕಾಣಲಿಲ್ಲ, ಮತ್ತೆ ಬರೆದ, ಕಾಣಲಿಲ್ಲ. ಮೂರನೇ ಸಲ ಬರೆಯುವವರನ್ನು ಓದುಗರೆನ್ನದೆ ಸಂತರೆನ್ನಬೇಕು.

ಟ್ಯಾಗಿಗೂ ಮೊದಲು ಹುಡುಕಿದರೆ ಸಿಗಬೇಕಲ್ಲ! ಎಷ್ಟೋ ಕಡೆ ಹಳೆಯ ಪಟ್ಟಿ ಇರುವುದು ಯೂನಿಕೋಡಿಗೆ, ಅಂದರೆ ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತಕ್ಕೆ, ಮುಂಚಿನ ಫಾಂಟುಗಳಲ್ಲಿ. ಪರದೆಯ ಮೇಲೆ ಕನ್ನಡ, ಯಂತ್ರದ ಹೊಟ್ಟೆಯೊಳಗೆ ರೋಮನ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಫೋನಿನಲ್ಲಿ ಯೂನಿಕೋಡ್ ಕನ್ನಡದಲ್ಲಿ ಹುಡುಕಿದವನಿಗೆ ಫಲಿತಾಂಶ ಸೊನ್ನೆ. ಪರಿವರ್ತಕ ತಂತ್ರಾಂಶಗಳು ಇವೆ, ಆದರೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳಲ್ಲಿ ಎಡವುತ್ತವೆ, ಕಣ್ಣಿಟ್ಟು ತಿದ್ದಬೇಕು. ಹೆಸರುಗಳದ್ದು ಬೇರೆ ಗೋಳು: ಒಂದು ಕಡೆ ಕುವೆಂಪು, ಒಂದು ಕಡೆ ಪುಟ್ಟಪ್ಪ ಕೆ.ವಿ., ಇನ್ನೊಂದು ಕಡೆ ಕೆ. ವಿ. ಪುಟ್ಟಪ್ಪ. ಒಬ್ಬ ಲೇಖಕರ ಎಲ್ಲ ಹೆಸರುಗಳನ್ನು ಒಂದೆಡೆ ಕಟ್ಟುವ ಅಧಿಕೃತ ನಾಮ ದಾಖಲೆಯಲ್ಲಿ 100ನೇ ಅಂಕಣಕ್ಕೆ ಒಂದು ರೂಪ, ಉಳಿದವನ್ನೆಲ್ಲ 400ರಲ್ಲಿ ಕೊಟ್ಟರೆ ಮೂವರೂ ಒಬ್ಬರಾಗುತ್ತಾರೆ. ಅಲ್ಲಿಯವರೆಗೆ ರಾಷ್ಟ್ರಕವಿಗಳು ತ್ರಿಮೂರ್ತಿಗಳೇ.

ಎಲ್ಲದರ ತಾಯಿಬೇರು ಇರುವುದು ಪುಸ್ತಕ ಕೋರಿಕೆಯಲ್ಲಿ. ‘ಯಾವ ಪುಸ್ತಕ ಬೇಕು, ಹೇಳಿ’ ಎನ್ನುತ್ತದೆ ಅರ್ಜಿ. ಓದುಗ ಹೇಳುತ್ತಾನೆ. ಕೋರಿಕೆ ಒಪ್ಪಲಾಗಿದೆ, ತರಿಸಲಾಗಿದೆ, ತಿರಸ್ಕರಿಸಲಾಗಿದೆ ಎಂದು ಆಯಾ ಹಂತದಲ್ಲಿ ಅವನಿಗೆ ತಾನಾಗಿಯೇ ಇಮೇಲ್ ಕಳಿಸುವ ಏರ್ಪಾಟು ಕೋಹಾದಲ್ಲಿದೆ. ಸರ್ವರಿನಲ್ಲಿ ನಿಗದಿತ ಹೊತ್ತಿಗೆ ತಾನಾಗಿಯೇ ಓಡಬೇಕಾದ ಒಂದು ‘ಕ್ರಾನ್’ ಕೆಲಸವನ್ನು ಸ್ಥಾಪಿಸದಿದ್ದರೆ ಇಮೇಲುಗಳು ಸಾಲಿನಲ್ಲೇ ಕೊಳೆಯುತ್ತವೆ. ಅದು ಓಡಿದರೂ ಕಳಿಸಲು ಸುದ್ದಿ ಎಲ್ಲಿದೆ? ನಮ್ಮ ಸಾರ್ವಜನಿಕ ಗ್ರಂಥಾಲಯಗಳಿಗೆ ಪುಸ್ತಕ ಬರುವುದು ಬಹುಪಾಲು ಸಗಟು ಖರೀದಿಯಲ್ಲಿ. ಪ್ರಕಾಶಕರು ಅರ್ಜಿ ಹಾಕಬೇಕು, ಆಯ್ಕೆ ಸಮಿತಿ ಒಪ್ಪಬೇಕು, ಪುಟಕ್ಕಿಷ್ಟು ಎಂದು ದರ ಕಟ್ಟಿ 300 ಪ್ರತಿಗಳನ್ನು ಕೊಂಡು ಹಂಚಬೇಕು. ಯಾವ ಊರಿನ ಯಾವ ಓದುಗನಿಗೆ ಯಾವುದು ಬೇಕಿತ್ತು ಎಂಬ ಪ್ರಶ್ನೆ ಈ ದಾರಿಯಲ್ಲಿ ಎಲ್ಲೂ ಎದುರಾಗುವುದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಉಪಕರವನ್ನು ಆ ಓದುಗನೇ ಕಟ್ಟುತ್ತಾನೆ. ಹಣದಲ್ಲಿ ಸಹಭಾಗಿತ್ವ ಪೂರ್ತಿ. ಅದರಲ್ಲೂ ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿದ್ದನ್ನು ಗ್ರಂಥಾಲಯಕ್ಕೆ ದಾಟಿಸದೆ ಬಾಕಿ ಉಳಿಸಿಕೊಳ್ಳುವುದು ಪತ್ರಿಕೆಗಳಿಗೆ ವರ್ಷ ತಪ್ಪದ ಸುದ್ದಿ.

ಸ್ಥಳೀಯ ಗ್ರಂಥಪಾಲಕರ ಕೈಗೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿ ಕೊಟ್ಟು, ಓದುಗರು ಹೆಚ್ಚು ಮತ ಹಾಕಿದ ಪುಸ್ತಕಗಳನ್ನು ಊರಿನ ಅಂಗಡಿಯಲ್ಲೇ ಕೊಳ್ಳಿ, ಕೊಂಡದ್ದರ ಪಟ್ಟಿಯನ್ನೂ ಕೊಳ್ಳದ್ದರ ಕಾರಣವನ್ನೂ ಹಾಕಿ ಎಂದರೆ ಅದೇ ಫಾರ್ಮ್ ಜೀವ ತಳೆದೀತು. ಆಡಿಟ್ ಆಕ್ಷೇಪಣೆ ಬರುತ್ತದೆ ಎನ್ನುತ್ತಾರೆ. ಬರಲಿ, ಆಡಿಟರೂ ಒಂದು ಕೋರಿಕೆ ಸಲ್ಲಿಸಲಿ.

ಹೊರಗಿನವರು ಏನು ಮಾಡಿದರೆಂದು ಒಂದೆರಡು ಮಾತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರ ಜನವರಿಯಲ್ಲಿ ಸುಮಾರು 3,000 ಹಳೆಯ ಚಿತ್ರಗಳನ್ನು ಫ್ಲಿಕರ್ ಎಂಬ ಚಿತ್ರ ಹಂಚುವ ಜಾಲತಾಣದಲ್ಲಿ ಹಾಕಿ, ಇದರಲ್ಲಿ ಯಾರಿದ್ದಾರೆ, ಇದು ಯಾವ ಬೀದಿ ಎಂದು ಜನರನ್ನು ಕೇಳಿತು; ಜನ ಹೇಳಿದರು, ಸಂಸ್ಥೆ ತನ್ನ ದಾಖಲೆ ತಿದ್ದಿಕೊಂಡಿತು. ಅದೇ ವರ್ಷದಿಂದ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳಿಂದ ಯಂತ್ರ ಓದಿದ ಪಠ್ಯವನ್ನು ಓದುಗರಿಂದಲೇ ತಿದ್ದಿಸುತ್ತಿದೆ. ನಮ್ಮಲ್ಲೂ ಇದಕ್ಕೆ ಸಿದ್ಧ ಅಂಗಳವಿದೆ: ಮುಕ್ತವಾದ ಪುಸ್ತಕಗಳನ್ನು ಜನರೇ ಸೇರಿ ಏರಿಸಿ ತಿದ್ದುವ ಜಾಲತಾಣ, ಕನ್ನಡ ವಿಕಿಸೋರ್ಸ್. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳ ಬರಹ 2024ರ ಜನವರಿ 1ರಿಂದ ಮುಕ್ತ. ಪುಟಗಳನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಏರಿಸಿದರೆ ಯಂತ್ರ ಅಕ್ಷರ ಗುರುತಿಸುತ್ತದೆ. ಪ–ಷ, ದ–ಧ, ಡ–ಢಗಳಲ್ಲಿ ತಪ್ಪುತ್ತದೆ, ಒತ್ತಕ್ಷರ ನುಂಗುತ್ತದೆ. ಒಬ್ಬರು ತಿದ್ದಿದ ಪುಟ ಹಳದಿ, ಬೇರೊಬ್ಬರು ನೋಡಿ ಒಪ್ಪಿದರೆ ಹಸಿರು. ತಾನೇ ತಿದ್ದಿ ತಾನೇ ಹಸಿರು ಮಾಡಿಕೊಳ್ಳಲು ಬಿಡುವುದಿಲ್ಲ. ನಿವೃತ್ತ ಮೇಷ್ಟ್ರುಗಳು ವಾಚನಾಲಯದಲ್ಲಿ ಪತ್ರಿಕೆಗಳ ಕಾಗುಣಿತದ ತಪ್ಪಿಗೆ ಗೊಣಗುತ್ತ ಕೂತಿರುವ ಈ ನಾಡಿನಲ್ಲಿ ಇದಕ್ಕೆ ಜನರ ಕೊರತೆಯೇ? ಕೊರತೆ ಇರುವುದು ಸ್ಕ್ಯಾನ್ ಮಾಡಲು ಬೀರು ತೆರೆಯುವ ಅನುಮತಿಗೆ. ಕಡತ ಬೆಂಗಳೂರಿಗೆ ಹೋಗಿದೆ.

ಗ್ರಂಥಪಾಲಕರ ದಿನವಾದ ಆಗಸ್ಟ್ 12ರಂದು ಮಾತ್ರ ಎಲ್ಲ ಕಡೆ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಚಿತ್ರಕ್ಕೆ ಹಾರ. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿ, ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ನೆಲೆಸಿದ್ದವರು. ‘ಓದುಗರ ಸಮಯ ಉಳಿಸಿ’ ಎಂಬ ನಾಲ್ಕನೇ ಸೂತ್ರದ ಮೇಲೆ ಎರಡೂವರೆ ಗಂಟೆ ಉಪನ್ಯಾಸ, ಫೇಸ್‌ಬುಕ್ಕಿನಲ್ಲಿ ನೇರ ಪ್ರಸಾರ, ಕಾಮೆಂಟ್ ಮುಚ್ಚಲಾಗಿದೆ.

ಅತ್ತ ವಾಚನಾಲಯದ ಸ್ಪರ್ಧಾತ್ಮಕ ಪರೀಕ್ಷೆಯ ಮೂಲೆಯಲ್ಲಿ ಯಾವ ಸುತ್ತೋಲೆಗೂ ಕಾಯದೆ ಸಹಭಾಗಿತ್ವ ನಡೆದಿದೆ. ಸಾಮಾನ್ಯ ಜ್ಞಾನದ ಯಾವುದೇ ಗೈಡ್ ಬಿಡಿಸಿ: ಮುದ್ರಿತ ಉತ್ತರ 2ಕ್ಕೆ ಪೆನ್ಸಿಲಿನ ಕಾಟು, ಪಕ್ಕದಲ್ಲಿ ‘ತಪ್ಪು, 3 ಸರಿ’. ಅದರ ಕೆಳಗೆ ಬೇರೆ ಕೈಬರಹ: ‘ಗುರು, ಕೀ ಆನ್ಸರ್ ನೋಡು, 2ನೇ ಸರಿ’. ಮೂರನೆಯವರು ನೀಲಿ ಪೆನ್ನಿನಲ್ಲಿ ಪಠ್ಯಪುಸ್ತಕದ ಪುಟ ಸಂಖ್ಯೆಯನ್ನೇ ಕೊಟ್ಟು ತಗಾದೆ ತೀರಿಸಿದ್ದಾರೆ, ನಾಲ್ಕನೆಯವರು ‘ಥ್ಯಾಂಕ್ಸ್ ಬ್ರೋ’ ಎಂದಿದ್ದಾರೆ. ಇದಕ್ಕೆ ಅಡ್ಮಿನ್ ಇಲ್ಲ, ಲಾಗಿನ್ ಇಲ್ಲ, ಉದ್ಘಾಟನೆ ಆಗಿಲ್ಲ. ಗ್ರಂಥಾಲಯದ ನಿಯಮ ಇದನ್ನು ಗಮನಿಸಿದೆ: ಪುಸ್ತಕದಲ್ಲಿ ಗೀಚಿದವರಿಂದ ಪುಸ್ತಕದ ಬೆಲೆ ವಸೂಲಿ ಮಾಡತಕ್ಕದ್ದು.